ಒಂದು ಹೂವೂ ಸಾಯದ ಸಮಾರಂಭ

ಮಣ್ಣಿನ ತೇವ ನೋಡಲೆಂದು ಇಳಿಸಿದ ಬೆರಳು ಕರಕರ ಸದ್ದು ಮಾಡುತ್ತ ಒಳಗೆ ಹೋಯಿತು. ಮಣ್ಣು ಹಾಗೆ ಸದ್ದು ಮಾಡುವುದಿಲ್ಲ. ಅಕ್ಕ ಬೆರಳನ್ನು ಹೊರಗೆಳೆದು ದೀಪದ ಬೆಳಕಿಗೆ ಹಿಡಿದಳು. ಉಗುರಿನ ಸಂದಿಯಲ್ಲಿ ಹಸಿರು ಪುಡಿ ತುಂಬಿಕೊಂಡಿತ್ತು.

ನೀರಿನ ಕೊಡ ಕೆಳಗಿಟ್ಟು, ಬಿಳಿ ಪೆಟ್ಟಿಗೆಯ ಮೇಲೆ ನೀಟಾಗಿ ಹಾಸಿದ್ದ ಪಾಚಿಯನ್ನು ಎರಡೂ ಕೈಯಲ್ಲಿ ಕಿತ್ತು ಪಕ್ಕಕ್ಕೆಸೆದಳು. ಕೆಳಗೆ ಮಣ್ಣಿನ ಕುಂಡವೇ ಇರಲಿಲ್ಲ. ಇಟ್ಟಿಗೆಯ ಹಾಗೆ ಜೋಡಿಸಿದ, ಹೂ ಚುಚ್ಚಿ ನಿಲ್ಲಿಸುವ ಹಸಿರು ಫೋಮ್, ಅದರ ನಡುವೆ ಚುಚ್ಚಿ ನಿಲ್ಲಿಸಿದ ಗುಲಾಬಿಯ ಕಾಂಡ, ಅದು ವಾಲದಂತೆ ಸುತ್ತಲೂ ಕಟ್ಟಿದ ನಾಲ್ಕು ಕೋಲು. ಅಲುಗಾಡಿಸಿದರೆ ಕಾಂಡ ಕೈಗೇ ಬಂತು. ಬುಡವನ್ನು ಯಾರೋ ಗರಗಸದಲ್ಲಿ ಸಮನಾಗಿ ಕೊಯ್ದಿದ್ದರು. ಅವಳು ಎರಡನೆಯ ಪೆಟ್ಟಿಗೆಗೆ ಹೋದಳು, ಮೂರನೆಯದಕ್ಕೆ ಹೋದಳು. ಆಮೇಲೆ ನೋಡುವ ಅಗತ್ಯ ಬೀಳಲಿಲ್ಲ.

ವೇದಿಕೆಯ ಆ ಕೊನೆಯಲ್ಲಿ ತಂಗಿ ಒದ್ದೆ ಬಟ್ಟೆಯಿಂದ ಎಲೆ ಒರೆಸುತ್ತಿದ್ದಳು. ಪಾಚಿ ಕಿತ್ತ ಸದ್ದು ಅವಳಿಗೆ ಕೇಳಿಸದೆ ಇರಲು ಸಾಧ್ಯವಿರಲಿಲ್ಲ. ಆದರೂ ತಿರುಗಲಿಲ್ಲ. ಒರೆಸಿದ ಎಲೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು.

"ಯಾರು ಮಾಡಿದ್ದು ಇದನ್ನ?"

"ನಾನೇ, ಅಕ್ಕ."

ಅಕ್ಕನಿಗೆ ಮನೆಯಲ್ಲಿ ಮೆಣಸಿನಕಾಯಿ ಎಂದೇ ಹೆಸರು. ಹೆಸರಿಟ್ಟವನು ಅಪ್ಪ. ಅವಳ ಕೋಪ ಮೂಗಿನ ತುದಿಯಲ್ಲಿ ಅಲ್ಲ, ಇನ್ನೂ ಎರಡು ಬೆರಳು ಮುಂದೆ ಇರುತ್ತದೆ ಎಂದು ಅವನು ಬಂದವರ ಎದುರೆಲ್ಲ ಹೇಳಿ ನಗುತ್ತಿದ್ದ. ಆದರೆ ಈಗ ಬಂದದ್ದು ಆ ಕೋಪವಲ್ಲ. ಇದು ನಿಧಾನವಾಗಿ ಏರುವಂಥದ್ದು. ಅವಳು ಕಾಂಡದ ಕೊಯ್ದ ಬುಡವನ್ನು ತಂಗಿಯ ಕಡೆ ತಿರುಗಿಸಿ ಹಿಡಿದಳು.

ಫೋಮಿಗೂ ಅವಳಿಗೂ ಹಳೆಯ ದ್ವೇಷ. ಹೂವಿನ ಕೆಲಸ ಕಲಿಯುವಾಗ ವರ್ಷಗಟ್ಟಲೆ ಅದನ್ನೇ ಕೊಯ್ದು, ಅದನ್ನೇ ನೆನೆಸಿ, ಅದರಲ್ಲೇ ಚುಚ್ಚಿದವಳು. ಒಂದು ದಿನದ ಮೆರೆದಾಟಕ್ಕೆ ಬಳಸಿ ಎಸೆದದ್ದು ಪುಡಿಯಾಗುತ್ತದೆಯೇ ಹೊರತು ಕೊಳೆಯುವುದಿಲ್ಲ, ಚರಂಡಿಗೆ ಹೋಗುತ್ತದೆ, ಹೊಳೆಗೆ ಹೋಗುತ್ತದೆ, ಅಲ್ಲೇ ಉಳಿಯುತ್ತದೆ. ಅದು ಗೊತ್ತಾದ ಮೇಲೆ ಇದ್ದಬದ್ದದ್ದನ್ನೆಲ್ಲ ಅಂಗಡಿಯಿಂದ ಹೊರಹಾಕಿ, ಇನ್ನು ಈ ಬಾಗಿಲೊಳಗೆ ಫೋಮ್ ಬಂದರೆ ನಾನು ಹೊರಗೆ ಎಂದಿದ್ದಳು. ಅಂದಿನಿಂದ ಅವಳದು ತಂತಿಬಲೆ, ನೀರಿನ ಪಾತ್ರೆ, ಪಾಚಿ, ಗೋಣಿಬಟ್ಟೆ. ಆಯಾ ಕಾಲಕ್ಕೆ ಹತ್ತಿರದಲ್ಲಿ ಅರಳಿದ್ದು ಮಾತ್ರ. ದೊಡ್ಡ ಸಮಾರಂಭಗಳಿಗೆ ಕೊಯ್ದ ಹೂವಿಗಿಂತ ಹೆಚ್ಚಾಗಿ ಕುಂಡದ ಗಿಡಗಳನ್ನೇ ಒಯ್ದು ನಿಲ್ಲಿಸಿ, ಮುಗಿದ ಮೇಲೆ ಮನೆಗೆ ತಂದು ಉಪಚಾರ ಮಾಡುತ್ತಿದ್ದಳು. ಊರಿಗೆಲ್ಲ ಹೇಳಿಕೊಂಡು ಬಂದದ್ದು ಇದನ್ನೇ. ಹೇಳಿ ಹೇಳಿ ಕೆಲವರು ಅವಳನ್ನು ಕಂಡರೆ ರಸ್ತೆ ದಾಟುವಷ್ಟು.

ಈ ಸಂಸ್ಥೆಯವರು ಹುಡುಕಿಕೊಂಡು ಬಂದದ್ದೂ ಅದಕ್ಕೇ. ಸಂಸ್ಥೆಗೆ ಐವತ್ತು ವರ್ಷ ತುಂಬಿದ ಸಮಾರಂಭ, ಹೊಸ ಸಭಾಂಗಣ. ಆಮಂತ್ರಣ ಪತ್ರಿಕೆಯ ನೆತ್ತಿಯ ಮೇಲೆಯೇ ಅಚ್ಚು ಹಾಕಿಸಿದ್ದರು: ಒಂದು ಹೂವೂ ಸಾಯದ ಸಮಾರಂಭ. ಅಕ್ಕ ಅದನ್ನು ಓದಿ ಹಿಗ್ಗಿ ಹೋಗಿದ್ದಳು. ಆ ಹಿಗ್ಗಿನಲ್ಲೇ ಅಪ್ಪನ ಆರು ಹಟಮಾರಿಗಳನ್ನೂ ಕೊಡುತ್ತೇನೆ ಎಂದದ್ದು.

ಹಟಮಾರಿ ಎಂದರೆ ಅಪ್ಪ ಹಿತ್ತಲಲ್ಲಿ ಬೀಜದಿಂದ ಎಬ್ಬಿಸಿದ ಗುಲಾಬಿ. ಬಿಳಿ ಎನ್ನುವಂತಿಲ್ಲ, ಹಳದಿ ಎನ್ನುವಂತಿಲ್ಲ, ಆಗಷ್ಟೇ ಕಡೆದ ಬೆಣ್ಣೆಯ ಬಣ್ಣ. ಮೊದಲ ಹೂವು ಬಿಡಲು ಏಳು ವರ್ಷ ಸತಾಯಿಸಿತ್ತು, ಅದಕ್ಕೇ ಆ ಹೆಸರು. ಅಪ್ಪ ಹೋದ ವರ್ಷ ತೀರಿಕೊಂಡ. ಅವನ ಹಿಂದೆಯೇ ಹಿತ್ತಲಿನ ತಾಯಿಗಿಡವೂ ಒಣಗಿತು. ಉಳಿದದ್ದು ಅವನು ಕಾಡುಗುಲಾಬಿಯ ಉದ್ದನೆಯ ಕಾಂಡದ ತುದಿಗೆ ಕಸಿ ಕಟ್ಟಿ ಕುಂಡದಲ್ಲಿ ಬೆಳೆಸಿದ್ದ ಈ ಆರು ಮರಗಳು. ಬೇರು ಕಾಡಿನದು, ಎದೆಮಟ್ಟಕ್ಕೆ ಹರಡಿದ ತಲೆ ಅಪ್ಪನದು. ಬೇರೆಲ್ಲೂ ಆ ಗಿಡ ಇಲ್ಲ. ಆರರಲ್ಲಿ ಒಂದನ್ನು ಅಧ್ಯಕ್ಷರು ಸಭಾಂಗಣದ ಮುಂದಿನ ತೋಟದಲ್ಲಿ ನೆಡುವುದು, ಐದು ಮನೆಗೆ ಮರಳುವುದು ಎಂದು ಮಾತಾಗಿತ್ತು. ಅಪ್ಪನ ಗುಲಾಬಿಗೆ ಊರ ನಡುವೆ ಒಂದು ಜಾಗ ಸಿಗುತ್ತದೆ ಎಂದು ಅಕ್ಕ ರಾತ್ರಿ ನಿದ್ದೆಗೆಟ್ಟು ಸಂತೋಷಪಟ್ಟಿದ್ದಳು.

ತಂಗಿ ನೆಲ ನೋಡುತ್ತ, ನಡೆದದ್ದನ್ನು ಹೇಳಿದಳು. ನಿನ್ನೆ ಸಂಜೆ ಅಕ್ಕ ಮನೆಗೆ ಹೊರಟ ಮೇಲೆ ಸಮಾರಂಭದ ಮೇಲ್ವಿಚಾರಕ ಬಂದನಂತೆ. ಕುಂಡದ ಬುಡದಲ್ಲಿ ಹೊಸ ಕಾರ್ಪೆಟ್ಟಿನ ಮೇಲೆ ಒಂದು ಕಡೆ ನೀರು ಜಿನುಗಿತ್ತು. ಮಾಡಿಸಿ ತಂದ ಬಿಳಿ ಪೆಟ್ಟಿಗೆಗಳೊಳಗೆ ಕುಂಡಗಳು ಇಳಿಯಲೂ ಇಲ್ಲ. ಇನ್ನು ಮಣ್ಣು ಈ ಸಭಾಂಗಣದೊಳಗೆ ಇರಕೂಡದು, ಗಿಡ ಮಾತ್ರ ಇರಲಿ ಎಂದನಂತೆ. ಆಗುವುದಿಲ್ಲ ಎಂದರೆ ತನ್ನ ಆಳುಗಳಿಂದಲೇ ಮಾಡಿಸುತ್ತೇನೆ ಎಂದು ಮಚ್ಚು ತರಿಸಿದನಂತೆ. ಫೋಮನ್ನೂ ಅವನೇ ತರಿಸಿಕೊಟ್ಟನಂತೆ.

"ಫೋನ್ ಮಾಡ್ದೆ ಅಕ್ಕ. ನೀನು ಎತ್ಲಿಲ್ಲ. ಸಣ್ಣಪುಟ್ಟದ್ದಕ್ಕೆಲ್ಲ ನನ್ನ ಪ್ರಾಣ ತಿನ್ಬೇಡ ಅಂತ ನೀನೇ ಹೇಳಿದ್ದೆ."

"ಇದು ಸಣ್ಣದಾ?"

"ಮಚ್ಚಲ್ಲಿ ಕೊಚ್ತಿದ್ರು. ನಾನು ಗರಗಸದಲ್ಲಿ ಕೊಯ್ದೆ. ತಲೆ ಆದ್ರೂ ನೆಟ್ಟಗಿರ್ಲಿ ಅಂತ."

ತಂಗಿ ಯಾರಿಗೂ ಇಲ್ಲ ಎಂದವಳಲ್ಲ. ಅಂಗಡಿಯಲ್ಲಿ ಗಿರಾಕಿ ಬೈದರೂ ಹೂಂ, ಅಕ್ಕ ಬೈದರೂ ಹೂಂ. ಮಚ್ಚು ತಂದವನಿಗೂ ಹೂಂ ಅಂದಿದ್ದಾಳೆ ಎಂದು ಅಕ್ಕನಿಗೆ ಮೈಯೆಲ್ಲ ಉರಿಯಿತು. ನಿನ್ನ ಬಾಯಿಗೆ ಯಾರಾದರೂ ಬೀಗ ಹಾಕಿದ್ದರೇನೇ, ಮರಕ್ಕೆ ಅಡ್ಡ ನಿಲ್ಲುವುದಕ್ಕೆ ಕಾಲಿಲ್ಲವೇನೇ ಎಂದು ಶುರುಮಾಡಿದವಳು, ಅಪ್ಪ ಇದ್ದಿದ್ದರೆ ನಿನ್ನ ಮುಖ ನೋಡುತ್ತಿರಲಿಲ್ಲ ಎನ್ನುವವರೆಗೂ ಹೋದಳು. ತಂಗಿ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡಿದಳು. ನೀರು ಕಾರ್ಪೆಟ್ಟಿನ ಮೇಲೆ ಬಿತ್ತು.

ಅಷ್ಟರಲ್ಲಿ ಮೇಲ್ವಿಚಾರಕ ಬಂದ. ಅಕ್ಕ-ತಂಗಿ ಅವನಿಗೆ ಮೊದಲ ದಿನವೇ ಇಸ್ತ್ರಿ ಎಂದು ಹೆಸರಿಟ್ಟಿದ್ದರು. ಅವನ ಅಂಗಿಯಲ್ಲಿ, ಪ್ಯಾಂಟಿನಲ್ಲಿ, ನಗೆಯಲ್ಲಿ ಕೂಡ ಒಂದು ಸುಕ್ಕೂ ಇರಲಿಲ್ಲ. ಕಿತ್ತೆಸೆದ ಪಾಚಿಯನ್ನು ನೋಡಿ ಅವನ ಹುಬ್ಬು ಸ್ವಲ್ಪ ಮೇಲೇರಿತು.

ಅಕ್ಕ ಅವನನ್ನು ತರಾಟೆಗೆ ತೆಗೆದುಕೊಂಡಳು. ಪತ್ರಿಕೆಯಲ್ಲಿ ಬರೆಸಿದ್ದೇನು, ಮಾಡಿದ್ದೇನು, ಜನರ ಕಣ್ಣಿಗೆ ಮಣ್ಣೆರಚುವುದಕ್ಕೆ ನನ್ನ ಹೆಸರೇ ಬೇಕಿತ್ತೇ ಎಂದು ಕೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ. ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳುವುದೇ ಅವನ ವಿದ್ಯೆ.

"ಗಿಡ ನೋಡೋಕೆ ಹಾಗೇ ಇದೆಯಲ್ಲ ಮೇಡಂ," ಎಂದ. "ಒಳಗೇನಿದೆ ಅಂತ ಯಾರು ಬಗ್ಗಿ ನೋಡ್ತಾರೆ?"

ಎಲ್ಲವನ್ನೂ ಈಗಲೇ ತೆಗೆದುಕೊಂಡು ಹೋಗುತ್ತೇನೆ ಎಂದಳು. ಆಗುವುದಿಲ್ಲ, ಹೊರಗೆ ಅತಿಥಿಗಳ ಕಾರು ಸಾಲುಗಟ್ಟಿವೆ, ಕಾವಲಿನವರು ಈಗ ಒಂದು ಎಲೆಯನ್ನೂ ಬಾಗಿಲು ದಾಟಲು ಬಿಡುವುದಿಲ್ಲ ಎಂದ. ಮುಗಿದ ಮೇಲೆ ನಿಮ್ಮದು ನೀವು ಒಯ್ಯಿರಿ, ಯಾರು ಬೇಡ ಎನ್ನುತ್ತಾರೆ ಎಂದು ಕೈಗಡಿಯಾರ ನೋಡುತ್ತ ಹೊರಟುಹೋದ.

ಅಕ್ಕ ಲೆಕ್ಕ ಹಾಕಿದಳು. ಬೇರು ಹೋದರೂ ತಲೆ ಇನ್ನೂ ಹಸಿ ಇದೆ. ಎಲೆಯ ಬುಡದ ಚಿಗುರೊಡೆಯುವ ಕಣ್ಣುಗಳು ಬಾಡುವ ಮುಂಚೆ ಕೊಯ್ದು, ಅಂಗಡಿಯ ಹಿಂದೆ ಇರುವ ಕಾಡುಗುಲಾಬಿ ಸಸಿಗಳಿಗೆ ಕಸಿ ಕಟ್ಟಿದರೆ ಹಟಮಾರಿ ಉಳಿಯುತ್ತದೆ. ಸಂಜೆಯೊಳಗೆ ಆಗಬೇಕು. ಕಟ್ಟುವ ಕೈ ತಂಗಿಯದು. ಅಪ್ಪನ ಚೂರಿ ಅವಳ ಬಳಿಯೇ ಇದೆ. ಅಕ್ಕನಿಗೆ ಸಾವಿರ ಜನ ಬೆರಗಾಗುವಂತೆ ಹೂವು ನಿಲ್ಲಿಸುವುದು ಬರುತ್ತದೆ, ಆದರೆ ಅವಳು ಕಟ್ಟಿದ ಕಸಿ ಇದುವರೆಗೆ ಒಂದೂ ಹಿಡಿದಿಲ್ಲ. ಬಿಗಿಯಾಗಿ ಕಟ್ಟಿ ಕಟ್ಟಿ ಕಣ್ಣನ್ನೇ ಉಸಿರುಗಟ್ಟಿಸಿ ಕೊಲ್ಲುತ್ತೀಯ ಎಂದು ಅಪ್ಪ ಅವಳ ಕೈಯಿಂದ ಚೂರಿ ಕಸಿದುಕೊಂಡಿದ್ದ.

ವ್ಯಾನಿನಲ್ಲಿರುವ ಗೋಣಿಬಟ್ಟೆಯನ್ನೆಲ್ಲ ನೆನೆಸಿಡು ಎಂದಳು, ತಂಗಿಯ ಕಡೆ ನೋಡದೆಯೇ.

ಸಮಾರಂಭ ಶುರುವಾಯಿತು. ಇಬ್ಬರೂ ಪಕ್ಕದ ಕಂಬದ ಹಿಂದೆ ನಿಂತರು. ವೇದಿಕೆಯ ದೀಪಗಳು ಒಂದೊಂದೇ ಹೊತ್ತಿಕೊಂಡಾಗ ಎಡಕ್ಕೆ ಮೂರು, ಬಲಕ್ಕೆ ಮೂರು ಬೆಣ್ಣೆ ಬಣ್ಣದ ಮರಗಳು ನಿಜಕ್ಕೂ ಚೆಂದವಾಗಿ ಕಂಡವು. ಜನ ಅಹಾ ಎಂದರು. ಅಷ್ಟು ಚೆಂದ ಕಂಡದ್ದಕ್ಕೇ ಅಕ್ಕ ಮುಖ ತಿರುಗಿಸಿದಳು. ನಿರೂಪಕಿ ರೇಷ್ಮೆಯಂಥ ದನಿಯಲ್ಲಿ, ಇಲ್ಲಿ ನೀವು ನೋಡುತ್ತಿರುವ ಪ್ರತಿಯೊಂದು ಗಿಡವೂ ಜೀವಂತ, ನಾಳೆ ಮತ್ತೆ ಮಣ್ಣಿಗೆ ಮರಳುತ್ತದೆ ಎಂದಳು. ಚಪ್ಪಾಳೆ. ಅಕ್ಕನ ಹೆಸರನ್ನೂ ಹೇಳಿದಳು. ಮತ್ತೆ ಚಪ್ಪಾಳೆ. ಮುಂದಿನ ಸಾಲಿನ ಹೆಂಗಸೊಬ್ಬಳು ತಿರುಗಿ ಕಂಬದ ಕಡೆ ನೋಡಿ ಕೈ ಮುಗಿದಳು. ಅಕ್ಕ ಆ ಕೈಗೆ ಪ್ರತಿಯಾಗಿ ಕೈ ಎತ್ತಲಾರದೆ ಉಗುರಿನ ಹಸಿರನ್ನು ಸೀರೆಯ ಸೆರಗಿಗೆ ಒರೆಸಿದಳು. ಅದು ಹೋಗಲಿಲ್ಲ.

ಅಧ್ಯಕ್ಷರು ಬಹಳ ಹೊತ್ತು ಮಾತಾಡಿದರು. ನಮ್ಮದು ಬೇರು ಮರೆಯದ ಸಂಸ್ಥೆ ಎಂದು ಮೂರು ಸಲ ಹೇಳಿದರು. ಮೊದಲ ಸಲಕ್ಕೆ ಅಕ್ಕ ಹಲ್ಲು ಕಚ್ಚಿದಳು, ಎರಡನೆಯ ಸಲಕ್ಕೆ ಕಂಬಕ್ಕೆ ಹಣೆ ಒತ್ತಿದಳು. ಮೂರನೆಯ ಸಲ ಬಂದಾಗ ಅವಳಿಗೆ ತಾನೇನು ಮಾಡಬೇಕೆಂದು ಗೊತ್ತಾಗಿಬಿಟ್ಟಿತ್ತು.

ಭಾಷಣ ಮುಗಿದು, ಇಬ್ಬರು ಆಳುಗಳು ಬಂದು ಬಲಗಡೆಯ ಕೊನೆಯ ಮರವನ್ನು ಎತ್ತಿಕೊಂಡರು. ಅದರ ಬುಡಕ್ಕೆ ಆಗಲೇ ಬಿಳಿ ಬಟ್ಟೆಯ ದೊಡ್ಡ ಉಂಡೆ ಸುತ್ತಿ ರಿಬ್ಬನ್ ಕಟ್ಟಿದ್ದರು. ಎಲ್ಲರೂ ಎದ್ದು ತೋಟದ ಕಡೆ ಹೊರಟರು. ಅಕ್ಕ ಜನರನ್ನು ಸರಿಸಿಕೊಂಡು ಮುಂದೆ ನುಗ್ಗಿದಳು. ಬೇಡ ಅಕ್ಕ, ಮೊದಲು ಇಲ್ಲಿರುವ ಐದನ್ನು ಇಳಿಸೋಣ ಎಂದು ತಂಗಿ ಹಿಂದಿನಿಂದ ಹೇಳಿದ್ದು ಕೇಳಿಸಿತು. ಕೇಳಿಸಿಯೂ ನಿಲ್ಲಲಿಲ್ಲ. ಇವಳೇನು ಅನಾಹುತ ಮಾಡುತ್ತಾಳೋ ಎಂದು ತಂಗಿಯೂ ಹಿಂದೆಯೇ ಓಡಿಬಂದಳು.

ತೋಟದಲ್ಲಿ ಗುಂಡಿ ಸಿದ್ಧವಾಗಿತ್ತು. ಪಕ್ಕದಲ್ಲಿ ಅಧ್ಯಕ್ಷರ ಹೆಸರು ಕೆತ್ತಿದ ಕಲ್ಲು, ಕಲ್ಲಿನ ಮೇಲೆ ಬೆಳ್ಳಿಯ ನೀರಿನ ಪಾತ್ರೆ. ಕ್ಯಾಮೆರಾದವರು ಮಂಡಿಯೂರಿ ಕೂತಿದ್ದರು. ಆಳುಗಳು ಮರವನ್ನು ಇಳಿಸುವುದಕ್ಕೂ ಅಕ್ಕ ಅದರ ಬುಡಕ್ಕೆ ಬಗ್ಗುವುದಕ್ಕೂ ಸರಿಹೋಯಿತು. ರಿಬ್ಬನ್ ಎಳೆದಳು. ಬಟ್ಟೆ ಬಿಚ್ಚಿಕೊಂಡಿತು. ಒಳಗಿದ್ದ ಮುದ್ದೆಗಟ್ಟಿದ ಕಾಗದ ಮತ್ತು ಫೋಮಿನ ಚೂರುಗಳು ಹುಲ್ಲಿನ ಮೇಲೆ ಉದುರಿ, ಕೊಯ್ದ ಕಾಂಡದ ಬೋಳು ತುದಿ ಎಲ್ಲರ ಕಣ್ಣೆದುರು ನಿಂತಿತು.

"ಇದಕ್ಕೆ ಬೇರಿಲ್ಲ," ಎಂದಳು ಅಕ್ಕ. ದನಿ ಎಲ್ಲರಿಗೂ ಕೇಳಿಸುವಷ್ಟಿತ್ತು. "ಒಂದಕ್ಕೂ ಇಲ್ಲ. ನಿನ್ನೆ ಇವರೇ ಕೊಯ್ಸಿದ್ದಾರೆ."

ಯಾರೋ ಕೆಮ್ಮಿದರು. ಇಸ್ತ್ರಿಯ ಮುಖದಲ್ಲಿ ಮೊದಲ ಸಲ ಒಂದು ಸುಕ್ಕು ಕಾಣಿಸಿಕೊಂಡಿತು. ಅಧ್ಯಕ್ಷರು ಕಾಂಡದ ತುದಿಯನ್ನು ನೋಡಿದರು, ಅಕ್ಕನನ್ನು ನೋಡಿದರು, ಕ್ಯಾಮೆರಾಗಳನ್ನು ನೋಡಿದರು. ಅವರಿಗೆ ಕೋಪವೇನೂ ಬರಲಿಲ್ಲ. ಮನೆಯ ಮಗಳಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದರು.

"ಫೋಟೋ ಒಂದು ಆಗ್ಲಿ ಅಮ್ಮ. ಆಮೇಲೆ ನೋಡೋಣ."

ಅವಳ ಕೈಯಿಂದ ಮರವನ್ನು ಬಿಡಿಸಿಕೊಂಡು ಗುಂಡಿಯೊಳಗೆ ನಿಲ್ಲಿಸಿದರು. ಆಳುಗಳು ಮಣ್ಣು ತಳ್ಳಿ ಕಾಲಿನಿಂದ ತುಳಿದರು. ಅಧ್ಯಕ್ಷರು ಬೆಳ್ಳಿಯ ಪಾತ್ರೆಯಿಂದ ನೀರು ಹೊಯ್ದು, ಹಾಗೇ ಬಗ್ಗಿದ ಭಂಗಿಯಲ್ಲಿ ಸ್ವಲ್ಪ ಹೊತ್ತು ನಿಂತರು. ಚಪ್ಪಾಳೆ ಬಿತ್ತು. ಮೊದಲು ಒಂದೆರಡು, ಆಮೇಲೆ ಎಲ್ಲರದೂ. ಒಳಗೆ ಕೈ ಮುಗಿದಿದ್ದ ಹೆಂಗಸು ಕೂಡ ತಟ್ಟಿದಳು. ಫೋಮಿನ ಚೂರುಗಳನ್ನು ಯಾರೋ ಬೂಟಿನಿಂದ ಕಲ್ಲಿನ ಹಿಂದಕ್ಕೆ ಸರಿಸಿದರು. ಊಟದ ಕಡೆ ದಯಮಾಡಿಸಿ ಎಂದು ನಿರೂಪಕಿಯ ದನಿ ಬಂತು, ಜನ ಮಾತಾಡುತ್ತ ನಗುತ್ತ ಹೊರಟುಹೋದರು.

ಕಿರುಚಿದ್ದರೆ, ದೂಡಿದ್ದರೆ, ಕಾವಲಿನವರಿಂದ ಎಳೆಸಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು. ಜಗಳಕ್ಕೆ ಬಂದವಳಿಗೆ ಜಗಳವನ್ನಾದರೂ ಕೊಡಬಹುದಿತ್ತು. ಎಲ್ಲರೂ ನೋಡಿದರು. ಎಲ್ಲರಿಗೂ ಗೊತ್ತಾಯಿತು. ಗೊತ್ತಾದದ್ದರಿಂದ ಏನೂ ಆಗಲಿಲ್ಲ. ಬೇರಿಲ್ಲದ ಮರ ನೆಟ್ಟಗೆ ನಿಂತಿತ್ತು, ಅದರ ಹೂವಿನ ಮೇಲೆ ನೀರಿನ ಹನಿ ಹೊಳೆಯುತ್ತಿತ್ತು, ಅಷ್ಟೇ.

ತಂಗಿ ಅವಳ ರಟ್ಟೆ ಹಿಡಿದು ಎಳೆದಳು. ಐದು ಮರ ಒಳಗಿವೆ ಎಂದು ನೆನಪಿಸಿದಳು. ಇಬ್ಬರೂ ಒಳಗೆ ಓಡಿದರು.

ವೇದಿಕೆ ಖಾಲಿಯಾಗಿತ್ತು. ಸಂಜೆಗೆ ಸಭಾಂಗಣದಲ್ಲಿ ಇನ್ನೊಂದು ಕಾರ್ಯಕ್ರಮವಿತ್ತು. ಸ್ವಚ್ಛ ಮಾಡುವ ಇಬ್ಬರು ಹೆಂಗಸರು ಕುರ್ಚಿ ಎತ್ತಿಡುತ್ತಿದ್ದರು. ಹೂವು ಸೊಪ್ಪು ಎಲ್ಲ ಹಿಂದಿನ ಬಾಗಿಲಿನ ಲಾರಿಗೆ ಹೋಯಿತು, ಅದರಲ್ಲೇ ಅರೆಯುವ ಯಂತ್ರ ಇದೆ, ಪುಡಿ ಮಾಡಿಕೊಂಡೇ ಹೋದರು ಎಂದು ಒಬ್ಬಳು ಹೇಳಿದಳು. ಅಯ್ಯೋ ಬೇಕಿತ್ತೇನಮ್ಮ ಎಂದೂ ಕೇಳಿದಳು, ಪಾಪ. ಅಕ್ಕ ಹಿಂದಿನ ಬಾಗಿಲಿಗೆ ಹೋಗಿ ನೋಡಿದಳು. ಲಾರಿ ನಿಂತಿದ್ದ ಕಡೆ ಬೆಣ್ಣೆ ಬಣ್ಣದ ಎಸಳುಗಳು ಎಣ್ಣೆಯ ಕಲೆಗೆ ಅಂಟಿಕೊಂಡು ಬಿದ್ದಿದ್ದವು.

ಇಸ್ತ್ರಿ ಎದುರಿಗೇ ಸಿಕ್ಕಿದ. ಮುಖದ ಸುಕ್ಕು ಆಗಲೇ ಮಾಯವಾಗಿತ್ತು.

"ಮುಗಿದ ಮೇಲೆ ತಗೊಂಡು ಹೋಗಿ ಅಂದಿದ್ನಲ್ಲ ಮೇಡಂ. ನೀವು ತೋಟದಲ್ಲಿ ಏನ್ಮಾಡ್ತಿದ್ರಿ?"

ಅಕ್ಕ ವೇದಿಕೆ ಹತ್ತಿ ಮೊದಲ ಬಿಳಿ ಪೆಟ್ಟಿಗೆಯನ್ನು ಒದ್ದಳು. ಅದು ಮಗುಚಿ, ನೆನೆದ ಫೋಮ್ ಇಟ್ಟಿಗೆಗಳು ಒಡೆದು, ಹಸಿರು ನೀರು ಹೊಸ ಕಾರ್ಪೆಟ್ಟಿನ ಮೇಲೆ ಹರಿಯಿತು. ಎರಡನೆಯದನ್ನು ಒದ್ದಳು. ಎಲ್ಲವನ್ನೂ ಒದ್ದಳು. ಇಸ್ತ್ರಿ ಫೋನ್ ತೆಗೆದು ಯಾರನ್ನೋ ಕರೆಯುತ್ತ ಹೊರಗೆ ಹೋದ. ಉಸಿರು ಕಟ್ಟಿ ನಿಂತಾಗ ಎದುರಿಗೆ ಉಳಿದವಳು ತಂಗಿ ಒಬ್ಬಳೇ.

"ನೀನು ಇಲ್ಲೇ ನಿಂತ್ಕೊಂಡಿದ್ರೆ ಉಳೀತಿತ್ತು," ಎಂದಳು ಅಕ್ಕ.

"ಒಂದನ್ನಾದ್ರೂ ಮನೇಲಿ ಬಿಡು ಅಂದೆ ನಾನು," ಎಂದಳು ತಂಗಿ. "ಐದು ನಿಲ್ಲಿಸಿದ್ರೆ ವೇದಿಕೆ ಸೊಟ್ಟ ಕಾಣುತ್ತೆ ಅಂದೆ ನೀನು."

ಅಕ್ಕನ ಕೋಪ ಇನ್ನೂ ಜಾಸ್ತಿಯಾಯಿತು. ನನ್ನ ಕಣ್ಣೆದುರು ನಿಲ್ಲಬೇಡ, ಹೋಗು ಎಂದಳು. ತಂಗಿ ಹೂಂ ಅನ್ನಲಿಲ್ಲ. ಸುಮ್ಮನೆ ತಿರುಗಿ ನಡೆದುಬಿಟ್ಟಳು. ಅಕ್ಕ ವೇದಿಕೆಯ ಮೆಟ್ಟಿಲ ಮೇಲೆ ಕೂತಳು. ಅಳು ಬರುತ್ತದೆ ಎಂದುಕೊಂಡಳು. ಬರಲಿಲ್ಲ. ಹಸಿರು ನೀರು ಹರಿದು ಬಂದು ಚಪ್ಪಲಿಯನ್ನು ತೋಯಿಸಿದಾಗ ಎದ್ದು ಹೊರಗೆ ಬಂದಳು.

ತಂಗಿ ವ್ಯಾನಿನ ಬಳಿ ಇರಲಿಲ್ಲ. ತೋಟದಲ್ಲಿ, ಹೆಸರು ಕೆತ್ತಿದ ಕಲ್ಲಿನ ಪಕ್ಕ, ಮಂಡಿಯೂರಿ ಕೂತು ಎರಡೂ ಕೈಯಿಂದ ಮಣ್ಣು ತೋಡುತ್ತಿದ್ದಳು. ಕಾವಲಿನವನು ಮೇಲೆ ನಿಂತು, ಅಧ್ಯಕ್ಷರು ನೆಟ್ಟ ಗಿಡ ಕಣಮ್ಮ, ಮುಟ್ಟಬೇಡಿ, ನನ್ನ ಕೆಲಸ ಹೋಗುತ್ತದೆ ಎಂದು ಗೋಗರೆಯುತ್ತಿದ್ದ. ಊಟದ ಮಂಟಪದ ಕಡೆಯಿಂದ ಕೆಲವರು ತಟ್ಟೆ ಹಿಡಿದೇ ನೋಡುತ್ತಿದ್ದರು. ಅಕ್ಕ ನಾಲ್ಕು ಹೆಜ್ಜೆ ದೂರದಲ್ಲೇ ನಿಂತುಬಿಟ್ಟಳು.

ತಂಗಿ ತಲೆ ಎತ್ತಲಿಲ್ಲ. ಅವಳ ದನಿಯೂ ಏರಲಿಲ್ಲ.

"ಗಿಡ ಆಗಿದ್ರೆ ನಾನು ಮುಟ್ತಿರ್ಲಿಲ್ಲ ಅಣ್ಣ," ಎಂದಳು. "ಇದು ಬರೀ ಕೋಲು. ನಮ್ಮಪ್ಪಂದು."

ಕಾವಲಿನವನು ಗುಂಡಿಯನ್ನು ನೋಡಿದ, ಊಟದ ಮಂಟಪದ ಕಡೆ ನೋಡಿದ, ಆಮೇಲೆ ಏನೋ ನೆನಪಾದವನಂತೆ ಗೇಟಿನ ಕಡೆ ನಡೆದುಹೋದ. ಮರ ಸಲೀಸಾಗಿ ಮೇಲೆ ಬಂತು. ಹಿಡಿದುಕೊಳ್ಳಲು ಅದಕ್ಕೆ ಏನೂ ಇರಲಿಲ್ಲ. ತಂಗಿ ಅದನ್ನು ಅಡ್ಡಲಾಗಿ ಎದೆಗೊತ್ತಿಕೊಂಡು, ಮುಳ್ಳು ಗೀರುತ್ತಿದ್ದರೂ ಲೆಕ್ಕಿಸದೆ, ಅಕ್ಕನ ಪಕ್ಕದಲ್ಲೇ ಹಾದು ವ್ಯಾನಿನ ಕಡೆ ಹೋದಳು.

ಅಕ್ಕ ಹಿಂದಿನಿಂದ ಬಂದು ಸ್ಟೀರಿಂಗ್ ಮುಂದೆ ಕೂತಳು. ಪಕ್ಕದಲ್ಲಿ ತಂಗಿ ಮರದ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಹೂವನ್ನು ಕತ್ತರಿಸಿ ಕಾಲಬುಡಕ್ಕೆ ಹಾಕುತ್ತ, ಉಳಿದ ಕೊಂಬೆಗಳಿಗೆ ಒದ್ದೆ ಗೋಣಿ ಸುತ್ತುತ್ತಿದ್ದಳು. ಮೊಣಕೈವರೆಗೂ ಅವಳ ಕೈ ಮಣ್ಣಾಗಿತ್ತು. ಅಕ್ಕನ ಸಿಟ್ಟು ಒಂದು ಚೂರೂ ಇಳಿದಿರಲಿಲ್ಲ. ಗೇರು ಹಾಕಿದ ಸದ್ದಿನಲ್ಲೇ ಅದು ತಿಳಿಯುವಂತಿತ್ತು. ದಾರಿಯಲ್ಲಿ ಬಿಸಿಲಿಗೆ ವ್ಯಾನು ಕಾದ ಹೆಂಚಾಗಿತ್ತು, ಇಬ್ಬರೂ ಬೆವರಿ ತೊಪ್ಪೆಯಾಗಿದ್ದರು, ಕಿಟಕಿಯಿಂದ ಬರುತ್ತಿದ್ದ ಒಣಗಾಳಿಯೊಂದೇ ಸ್ವಲ್ಪ ಹಿತವಾಗಿತ್ತು.

ಗೋಣಿಯ ಹೊರಗೆ ಉಳಿದಿದ್ದ ಎಲೆಗಳು ಆ ಗಾಳಿಗೆ ಬಾಡುತ್ತ ಪಟಪಟ ಬಡಿದುಕೊಳ್ಳುತ್ತಿದ್ದವು. ಅಕ್ಕ ರಸ್ತೆಯಿಂದ ಕಣ್ಣು ತೆಗೆಯದೆ ತನ್ನ ಕಡೆಯ ಗಾಜನ್ನು ಏರಿಸಿದಳು. ಆಮೇಲೆ ತಂಗಿಯ ಮುಂದೆ ಕೈ ಚಾಚಿ, ಅವಳ ಕಡೆಯ ಗಾಜನ್ನೂ ತಿರುಗಿಸಿ ತಿರುಗಿಸಿ ಪೂರ್ತಿ ಮೇಲಕ್ಕೆ ತಂದಳು.